ತಾಳವಿಲ್ಲದ ಗಾನಕ್ಕೆ ತಾಳ ಕಟ್ಟಿದಾಗ: ‘ಸ್ಯಾಡ್‌ನೆಸ್’ ರೀಮಿಕ್ಸ್‌ಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಬಾರಿಯ ಅಂಕಣವನ್ನು ಒಂದೇ ಹಾಡಿಗೆ ಮೀಸಲಿಟ್ಟಿದ್ದೇವೆ. ಎನಿಗ್ಮಾ ಎಂಬ ಹೆಸರಿನಲ್ಲಿ 1990ರಲ್ಲಿ ಹೊರಬಂದ ‘ಸ್ಯಾಡ್‌ನೆಸ್ - ಭಾಗ 1’ ಹಾಡು ಮತ್ತು ಅದರ ರೀಮಿಕ್ಸ್‌ಗಳ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರಿಸಲಾಗಿದೆ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ‘ಸ್ಯಾಡ್‌ನೆಸ್’ ಹಾಡಿನ ನಾಲ್ಕು ರೂಪಗಳು ನನ್ನ ಬಳಿ ಇವೆ: ರೇಡಿಯೋ ಎಡಿಟ್, ಎಕ್ಸ್‌ಟೆಂಡೆಡ್ ಟ್ರಾನ್ಸ್ ಮಿಕ್ಸ್, ಮೆಡಿಟೇಷನ್ ಮಿಕ್ಸ್ ಮತ್ತು ವಯಲೆಂಟ್ ಯು.ಎಸ್. ರೀಮಿಕ್ಸ್. ಪ್ರತಿ ಸಲ ಕೇಳಿದಾಗಲೂ ಒಂದೊಂದು ಚೆನ್ನಾಗಿದೆ ಅನ್ನಿಸುತ್ತದೆ. ಇವುಗಳನ್ನು ಹೋಲಿಸುವುದಕ್ಕೆ ಏನಾದರೂ ಕ್ರಮವಿದೆಯೇ? ನಿಮ್ಮ ದೃಷ್ಟಿಯಲ್ಲಿ ಯಾವುದು ಮೇಲು?
— ಓದುಗರೊಬ್ಬರು, ಮೈಸೂರು

ಉತ್ತರ: ಹೋಲಿಸುವ ಮೊದಲು ಈ ಹಾಡು ಯಾವ ಯಾವ ಪದರಗಳಿಂದ ಕಟ್ಟಿದ್ದು ಎಂಬುದನ್ನು ಒಮ್ಮೆ ಬಿಡಿಸಿ ನೋಡಿದರೆ ಉಳಿದದ್ದು ಸುಲಭವಾಗುತ್ತದೆ. ರುಮೇನಿಯಾದಲ್ಲಿ ಹುಟ್ಟಿ ಜರ್ಮನಿಯಲ್ಲಿ ಸಂಗೀತ ನಿರ್ಮಾಪಕನಾಗಿ ಹೆಸರು ಮಾಡಿದ ಮೈಕೆಲ್ ಕ್ರೇಟು, ಸ್ಪೇನ್‌ಗೆ ಸೇರಿದ ಇಬಿಝಾ ದ್ವೀಪದ ತನ್ನ ಸ್ಟುಡಿಯೋದಲ್ಲಿ ಇದನ್ನು ಸಿದ್ಧಪಡಿಸಿದ. ತಳದಲ್ಲಿರುವುದು ನಿಮಿಷಕ್ಕೆ ಸುಮಾರು 95 ಬಡಿತಗಳ ನಿಧಾನ ಡ್ರಮ್ಸ್ ನಡೆ; 1989ರ ಹೊತ್ತಿಗೆ ಲಂಡನ್ನಿನ ಸೋಲ್ ಟು ಸೋಲ್ ತಂಡ ಜನಪ್ರಿಯಗೊಳಿಸಿದ, ಸ್ವಲ್ಪ ತೂಗಾಡುತ್ತಾ ಸಾಗುವ ಬಗೆಯದು. ಅದರ ಮೇಲೆ ಸಿಂಥಸೈಸರಿನ ಉದ್ದನೆಯ, ಅಲುಗದ ಸ್ವರಗಳು. ಆಮೇಲೆ ಜಪಾನಿನ ಶಾಕುಹಾಚಿ ಕೊಳಲಿನ ದನಿ. ಇದು ಆ ಕಾಲದ ಸ್ಯಾಂಪ್ಲರ್ (ಮುದ್ರಿಸಿಟ್ಟ ದನಿಯ ತುಣುಕುಗಳನ್ನು ಬೇಕಾದಂತೆ ನುಡಿಸುವ) ಯಂತ್ರದಲ್ಲಿ ಸಿದ್ಧವಾಗಿಯೇ ಸಿಗುತ್ತಿದ್ದ ದನಿಯಾದ್ದರಿಂದ ಆ ದಶಕದ ಬೇರೆ ಹಾಡುಗಳಲ್ಲಿಯೂ ಕೇಳಿಸುತ್ತದೆ. ಇವೆಲ್ಲದರ ಮೇಲೆ ಎರಡು ಬಗೆಯ ಮನುಷ್ಯಕಂಠ: ಒಂದು, ಕ್ಯಾಥೊಲಿಕ್ ಚರ್ಚಿನ ಹಳೆಯ ಪ್ರಾರ್ಥನಾಗಾನವಾದ, ಲ್ಯಾಟಿನ್ ಭಾಷೆಯ ಗ್ರೆಗೋರಿಯನ್ ಗಾನವನ್ನು ಹಾಡುವ ಗಂಡಸರ ವೃಂದ, ಇನ್ನೊಂದು, ಕ್ರೇಟುವಿನ ಆಗಿನ ಪತ್ನಿ, ಜರ್ಮನಿಯ ಪಾಪ್ ಗಾಯಕಿ ಸಾಂಡ್ರಾ ಫ್ರೆಂಚ್ ಭಾಷೆಯಲ್ಲಿ ಪಿಸುಗುಟ್ಟುವ ಮಾತು ಮತ್ತು ಆಕೆಯ ಉಸಿರಾಟ.

ಈ ಪದರಗಳಲ್ಲಿ ಯಾವುದೂ ಒಂಟಿಯಾಗಿ ಅಸಾಧಾರಣವಾದುದಲ್ಲ. ಡ್ರಮ್ಸ್ ನಡೆ ಆಗ ಎಲ್ಲರೂ ಬಳಸುತ್ತಿದ್ದಂಥದ್ದು, ಕೊಳಲು ಯಂತ್ರದಲ್ಲೇ ಇದ್ದದ್ದು, ಗಾನ ಬೇರೆಯವರು ಧ್ವನಿಮುದ್ರಿಸಿಟ್ಟದ್ದು. ಹಾಡಿನ ಶಕ್ತಿ ಇರುವುದು ಎರಡು ಹೊಂದದ ಸಂಗತಿಗಳ ನಡುವಿನ ಎಳೆತದಲ್ಲಿ. ತಾಳಕ್ಕೆ ಕಟ್ಟುಬೀಳದ ಪ್ರಾರ್ಥನೆಯೊಂದು ಮೇಲೆ ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ; ಕೆಳಗೆ ದೇಹವನ್ನು ಅಲುಗಿಸುವ ತಾಳ ನಡೆಯುತ್ತಿರುತ್ತದೆ. ಒಂದು ಇನ್ನೊಂದನ್ನು ಸೋಲಿಸುವುದಿಲ್ಲ. ಆದ್ದರಿಂದ ಯಾವ ರೀಮಿಕ್ಸ್ ಕೇಳುವಾಗಲೂ ನಾನು ಗಮನಿಸುವುದು ಒಂದೇ ವಿಷಯ: ಈ ಎಳೆತ ಉಳಿದಿದೆಯೇ ಎಂಬುದು.

ಈ ಅಳತೆಗೋಲಿನಿಂದ ನೋಡಿದರೆ ನಿಮ್ಮ ಬಳಿ ಇರುವ ನಾಲ್ಕೂ ಬೇರೆಬೇರೆಯಾಗಿ ಕಾಣುತ್ತವೆ. ನಾಲ್ಕು ನಿಮಿಷ ಚಿಲ್ಲರೆಯ ರೇಡಿಯೋ ಎಡಿಟ್ ಅಚ್ಚುಕಟ್ಟಾದುದು, ಆದರೆ ಅವಸರದ್ದು. ವೃಂದದ ಸಾಲು ಮುಗಿದು ಕಿವಿ ಅದರ ಗುಂಗಿನಲ್ಲಿ ಇರುವಾಗಲೇ ಮುಂದಿನದು ಬಂದುಬಿಡುತ್ತದೆ. ಐದು ನಿಮಿಷದ ಎಕ್ಸ್‌ಟೆಂಡೆಡ್ ಟ್ರಾನ್ಸ್ ಮಿಕ್ಸ್‌ನಲ್ಲಿ ಹೊಸ ವಸ್ತು ಹೆಚ್ಚೇನೂ ಇಲ್ಲ. ಇದ್ದದ್ದಕ್ಕೇ ಜಾಗ ಜಾಸ್ತಿ ಸಿಕ್ಕಿದೆ. ಡ್ರಮ್ಸ್ ಮಾತ್ರ ನಡೆಯುವ ಅಂತರಗಳು ಹಿಗ್ಗಿರುವುದರಿಂದ ವೃಂದ ಮರಳಿ ಬಂದಾಗ ಅದು ದೂರದ ಇನ್ನೊಂದು ಕಟ್ಟಡದಿಂದ ಕೇಳಿಬಂದಂತೆ ಅನ್ನಿಸುತ್ತದೆ. ವಯಲೆಂಟ್ ಯು.ಎಸ್. ರೀಮಿಕ್ಸ್ ತಾಳದ ಭಾಗವನ್ನು ಮುಂದಕ್ಕೆ ತಂದು ಗಟ್ಟಿ ಮಾಡುತ್ತದೆ. ನೃತ್ಯದ ಸಭಾಂಗಣದಲ್ಲಿ ಅದು ಕೆಲಸ ಮಾಡುತ್ತದೆಂಬುದರಲ್ಲಿ ಅನುಮಾನವಿಲ್ಲ, ಆದರೆ ಅಲ್ಲಿ ವೃಂದಗಾನ ತನ್ನ ಸ್ವಾತಂತ್ರ್ಯ ಕಳೆದುಕೊಂಡು ಅಲಂಕಾರವಾಗಿ ನಿಲ್ಲುತ್ತದೆ.

ಮೆಡಿಟೇಷನ್ ಮಿಕ್ಸ್ ಬಗ್ಗೆ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗಲಿಕ್ಕಿಲ್ಲ. ಸುಮಾರು ಮೂರು ನಿಮಿಷದ ಈ ರೂಪ ಡ್ರಮ್ಸ್ ನಡೆಯನ್ನು ತೆಗೆದುಹಾಕುತ್ತದೆ. ಪ್ರಾರ್ಥನೆಗೆ ಡ್ರಮ್ಸ್ ಅಡ್ಡಿ, ಅದನ್ನು ತೆಗೆದರೆ ಮೂಲ ಗಾನಕ್ಕೆ ಇನ್ನಷ್ಟು ಹತ್ತಿರವಾಗುತ್ತೇವೆ ಎಂಬುದು ಸಹಜವಾದ ಎಣಿಕೆ. ಕೇಳಿದಾಗ ಆಗುವುದು ಬೇರೆ. ತಾಳ ಹೋದೊಡನೆ ಗಾನಕ್ಕೆ ಎದುರಾಗಿ ನಿಲ್ಲುವಂಥದ್ದು ಏನೂ ಉಳಿಯುವುದಿಲ್ಲ. ಸಿಂಥಸೈಸರಿನ ಮೃದುವಾದ ಸ್ವರಗಳು ಅದನ್ನು ಮೆತ್ತಗೆ ಸುತ್ತಿಕೊಳ್ಳುತ್ತವೆ, ಎಲ್ಲವೂ ಒಂದೇ ಮಂಜಾಗುತ್ತದೆ. ರಾತ್ರಿ ಮಲಗುವ ಮುನ್ನ ಕೇಳಲು ಅದು ಹಿತ, ಇಲ್ಲವೆನ್ನುವುದಿಲ್ಲ. ಆದರೆ ಶುದ್ಧ ಗ್ರೆಗೋರಿಯನ್ ಗಾನವನ್ನೇ ಕೇಳಬೇಕೆಂದರೆ ಅದಕ್ಕೆ ಸಿಂಥಸೈಸರಿನ ಆಸರೆಯೇ ಬೇಡ. ‘ಸ್ಯಾಡ್‌ನೆಸ್’ ಕೇಳಬೇಕೆಂದರೆ ಡ್ರಮ್ಸ್ ಬೇಕೇ ಬೇಕು. ಹೀಗಾಗಿ ನನ್ನ ಆಯ್ಕೆ ಎಕ್ಸ್‌ಟೆಂಡೆಡ್ ಟ್ರಾನ್ಸ್ ಮಿಕ್ಸ್, ಅದಕ್ಕಿಂತಲೂ ಮೊದಲು ಆಲ್ಬಮ್ಮಿನಲ್ಲಿರುವ ರೂಪ. ಅಲ್ಲಿ ಈ ಹಾಡು ‘ಪ್ರಿನ್ಸಿಪಲ್ಸ್ ಆಫ್ ಲಸ್ಟ್’ ಎಂಬ ಹನ್ನೊಂದು ನಿಮಿಷಕ್ಕೂ ಮೀರಿದ ಮೂರು ಭಾಗಗಳ ಗುಚ್ಛದ ಮೊದಲ ಭಾಗ. ನಡುವೆ ‘ಫೈಂಡ್ ಲವ್’ ಬಂದುಹೋಗಿ, ಕೊನೆಗೆ ಇದೇ ಹಾಡು ಸಂಕ್ಷಿಪ್ತವಾಗಿ ಮರಳುತ್ತದೆ.

ಪ್ರಶ್ನೆ: ನಾನು ಹಿಂದೂಸ್ತಾನಿ ಸಂಗೀತ ಕಲಿಯುತ್ತಿದ್ದೇನೆ. ಗ್ರೆಗೋರಿಯನ್ ಗಾನಕ್ಕೆ ತಾಳವಿಲ್ಲವೆಂದು ಓದಿದ್ದೆ. ತಾಳವಿಲ್ಲದ್ದನ್ನು 95ರ ಲಯದ ಮೇಲೆ ಹೇಗೆ ಕೂಡಿಸಲು ಸಾಧ್ಯವಾಯಿತು? ಹಾಡಿದವರು ತಾಳಕ್ಕೆ ತಕ್ಕಂತೆ ಹಾಡಿದ್ದರೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಹಾಡಿದವರಿಗೆ ಅಂಥದ್ದೊಂದು ಹಾಡು ಮುಂದೆ ಬರಲಿದೆ ಎಂಬ ಸುಳಿವೂ ಇರಲಿಲ್ಲ. ವೃಂದದ ದನಿ ಕಾನ್ರಾಡ್ ರೂಲಾಂಡ್ ನಿರ್ದೇಶನದ ಮ್ಯೂನಿಕ್ಕಿನ ಕಾಪೆಲ್ಲಾ ಆಂಟಿಕ್ವಾ ತಂಡದ್ದು; ಅವರ ಧ್ವನಿಮುದ್ರಿಕೆ 1976ರದು. ಗ್ರೆಗೋರಿಯನ್ ಗಾನ ಒಂದೇ ಸ್ವರಸಾಲಿನಲ್ಲಿ, ಪಕ್ಕವಾದ್ಯವಿಲ್ಲದೆ, ಲ್ಯಾಟಿನ್ ಪದಗಳ ಉಸಿರು ಮತ್ತು ಒತ್ತನ್ನು ಅನುಸರಿಸಿ ಸಾಗುವಂಥದ್ದು. ನಮ್ಮಲ್ಲಿ ಹತ್ತಿರದ ಉದಾಹರಣೆ ಬೇಕೆಂದರೆ ಹರಿದಾಸರ ಉಗಾಭೋಗವನ್ನು ನೆನೆಯಬಹುದು. ಅಲ್ಲಿಯೂ ರಾಗವಿರುತ್ತದೆ, ಸಾಹಿತ್ಯವಿರುತ್ತದೆ, ತಾಳದ ಕಟ್ಟಿರುವುದಿಲ್ಲ. ಗಾಯಕ ಪದದ ಭಾವಕ್ಕೆ ತಕ್ಕಂತೆ ನಿಲ್ಲುತ್ತಾನೆ, ಮುಂದುವರಿಯುತ್ತಾನೆ. ಉಗಾಭೋಗ ಮುಗಿದು ಕೀರ್ತನೆಯ ತಾಳ ಎತ್ತಿಕೊಂಡಾಗ ಸಭೆಯಲ್ಲಿ ಒಂದು ಚಲನೆ ಹುಟ್ಟುವುದನ್ನು ನೀವು ಕಂಡಿರುತ್ತೀರಿ. ಕ್ರೇಟು ಮಾಡಿದ್ದು ಆ ಎರಡನ್ನೂ ಒಂದರ ನಂತರ ಒಂದು ಇಡದೆ ಏಕಕಾಲಕ್ಕೆ ಕೇಳಿಸಿದ್ದು.

ಅದನ್ನು ಸಾಧಿಸುವ ದಾರಿ ಸರಳವಾದದ್ದೇ. ಗಾನವನ್ನು ಸಾಲು ಸಾಲಾಗಿ ಕತ್ತರಿಸಿ ಸ್ಯಾಂಪ್ಲರಿನಲ್ಲಿ ತುಂಬಿಕೊಳ್ಳುತ್ತಾರೆ. ಪ್ರತಿ ಸಾಲು ಎಲ್ಲಿ ಶುರುವಾಗಬೇಕು ಎಂಬುದನ್ನು ಮಾತ್ರ ತಾಳದ ಜೊತೆ ಹೊಂದಿಸಿ, ಸಾಲಿನ ಒಳಗಿನ ನಡೆಯನ್ನು ಅದರ ಪಾಡಿಗೆ ಬಿಡುತ್ತಾರೆ. ಹೀಗಾಗಿ ಸಾಲಿನ ಆರಂಭದಲ್ಲಿ ಗಾನ ಮತ್ತು ಡ್ರಮ್ಸ್ ಕೈ ಹಿಡಿಯುತ್ತವೆ, ಆಮೇಲೆ ನಿಧಾನವಾಗಿ ಬೇರ್ಪಡುತ್ತವೆ, ಮುಂದಿನ ಸಾಲಿನಲ್ಲಿ ಮತ್ತೆ ಕೂಡುತ್ತವೆ. ನಡೆ ನಿಧಾನವಾಗಿದ್ದಷ್ಟೂ ಈ ಬೇರ್ಪಡುವಿಕೆಗೆ ಜಾಗ ಹೆಚ್ಚು. ಡ್ರಮ್ಸ್ ಬಡಿತಗಳನ್ನು ಕೈಯಲ್ಲಿ ತಾಳ ಹಾಕುತ್ತಾ ಎಣಿಸಿ, ಲ್ಯಾಟಿನ್ ಪದಗಳ ಒತ್ತು ಬಡಿತದ ಮೇಲೆ ಎಲ್ಲಿ ಬೀಳುತ್ತದೆ, ಎಲ್ಲಿ ತಪ್ಪುತ್ತದೆ ಎಂದು ಗುರುತು ಹಾಕಿಕೊಳ್ಳಿ. ಒಳ್ಳೆಯ ರೂಪದಲ್ಲಿ ತಪ್ಪುವ ಜಾಗಗಳು ಹೆಚ್ಚಿರುತ್ತವೆ. ತಾಳ ತಪ್ಪಬಾರದೆಂಬ ಶಿಕ್ಷಣ ಪಡೆಯುತ್ತಿರುವ ನಿಮಗೆ ಈ ಮಾತು ಮೊದಲಿಗೆ ಕಸಿವಿಸಿ ಉಂಟುಮಾಡಬಹುದು.

ಪ್ರಶ್ನೆ: ನಮ್ಮ ಹಿರಿಯರು ಲ್ಯಾಟಿನ್ ಪೂಜೆಯ ಕಾಲವನ್ನು ಕಂಡವರು. ಈ ಹಾಡಿನಲ್ಲಿ ಬರುವ ಲ್ಯಾಟಿನ್ ಸಾಲುಗಳು ಪವಿತ್ರ ವಾರದವು ಎಂದು ಅವರು ಹೇಳುತ್ತಾರೆ. ಅದು ನಿಜವೇ? ಅಂಥ ಸಾಲುಗಳ ಜೊತೆ ಮಾರ್ಕ್ವಿಸ್ ದ ಸಾದ್‌ನಂಥವನ ಹೆಸರನ್ನು ಸೇರಿಸಿರುವುದು ಸರಿಯೇ? ರೀಮಿಕ್ಸ್‌ಗಳಲ್ಲಿ ಈ ಅರ್ಥ ಉಳಿಯುತ್ತದೆಯೇ?
— ಓದುಗರೊಬ್ಬರು, ಮಂಗಳೂರು

ಉತ್ತರ: ಹಿರಿಯರು ಹೇಳಿದ್ದು ನಿಜ. ಆರಂಭದ ಸಾಲು ಪವಿತ್ರ ವಾರದ ಮೊದಲ ದಿನವಾದ ಗರಿಗಳ ಭಾನುವಾರದ ಮೆರವಣಿಗೆ ಹೊರಡುವಾಗಿನ ಕರೆ: ಶಾಂತಿಯಿಂದ ಮುಂದೆ ಸಾಗೋಣ ಎಂಬುದು, ಅದಕ್ಕೆ ಕ್ರಿಸ್ತನ ನಾಮದಲ್ಲಿ ಎಂಬ ಉತ್ತರ. ಮುಂದಿನದು ದೇವದೂತರ ಮತ್ತು ಮಕ್ಕಳ ಜೊತೆ ನಾವೂ ನಂಬಿಗಸ್ತರಾಗಿ ಕಾಣಿಸಿಕೊಳ್ಳುವಂತಾಗಲಿ ಎಂಬ ಸಾಲು. ಆಮೇಲೆ ಬರುವುದು ಇಪ್ಪತ್ತನಾಲ್ಕನೆಯ ಕೀರ್ತನೆಯ ಮಾತು. ದ್ವಾರಗಳೇ ಮೇಲೆತ್ತಲ್ಪಡಿ, ಮಹಿಮೆಯ ಅರಸನು ಒಳಗೆ ಬರುವನು, ಈ ಮಹಿಮೆಯ ಅರಸನು ಯಾರು ಎಂದು ಅದು ಕೇಳುತ್ತದೆ. ಬೈಬಲ್ಲಿನಲ್ಲಿ ಈ ಪ್ರಶ್ನೆಗೆ ಮುಂದಿನ ಸಾಲಿನಲ್ಲಿಯೇ ಉತ್ತರವಿದೆ. ಹಾಡಿನಲ್ಲಿ ವೃಂದ ಪ್ರಶ್ನೆಯ ಬಳಿಯೇ ನಿಲ್ಲುತ್ತದೆ, ಆಮೇಲೆ ಬರುವುದು ಹೆಣ್ಣುದನಿಯ ಪಿಸುಮಾತು. ಆಕೆಯೂ ಪ್ರಶ್ನೆಗಳನ್ನೇ ಕೇಳುತ್ತಾಳೆ, ಆದರೆ ಸಾದ್‌ನನ್ನು: ಕೆಡುಕಿನ ಮೂಲಕ ಒಳಿತನ್ನು ಹುಡುಕುತ್ತಿರುವೆಯಾ, ನಿನ್ನ ಧರ್ಮ ಯಾವುದು, ನೀನು ದೈವಿಕನೋ ಪೈಶಾಚಿಕನೋ ಎಂಬ ಧಾಟಿಯಲ್ಲಿ. 1740ರಿಂದ 1814ರವರೆಗೆ ಬದುಕಿದ, ತನ್ನ ಬರಹಗಳಿಗಾಗಿಯೂ ನಡತೆಗಾಗಿಯೂ ಜೀವಿತದ ದೀರ್ಘಕಾಲವನ್ನು ಸೆರೆಯಲ್ಲಿ ಕಳೆದ ಆ ಫ್ರೆಂಚ್ ಲೇಖಕನನ್ನು ಹಾಡು ಹೊಗಳುವುದಿಲ್ಲ, ವಿಚಾರಣೆಗೆ ಒಳಪಡಿಸುತ್ತದೆ. ದೇವರನ್ನು ವಿರೋಧಿಸಿದರೆ ಮನುಷ್ಯನನ್ನೇ ವಿರೋಧಿಸಿದಂತೆ ಎಂಬ ಅರ್ಥದ ಮಾತೂ ಆಕೆಯ ಬಾಯಲ್ಲಿ ಬರುತ್ತದೆ.

ಸರಿಯೋ ತಪ್ಪೋ ಎಂಬುದು ನಂಬಿಕೆಯ ಪ್ರಶ್ನೆ, ಅದನ್ನು ಈ ಅಂಕಣ ತೀರ್ಮಾನಿಸಲಾರದು. ಆರಾಧನೆಯ ಸಾಲುಗಳ ನಡುವೆ ಏದುಸಿರು ಕೇಳಿಸುವುದು ಭಕ್ತರಿಗೆ ನೋವುಂಟುಮಾಡಿದರೆ ಅದನ್ನು ಸಂಕುಚಿತತೆ ಎಂದು ತಳ್ಳಿಹಾಕುವುದೂ ನ್ಯಾಯವಲ್ಲ. ರೀಮಿಕ್ಸ್ ವಿಚಾರಕ್ಕೆ ಬಂದರೆ, ಎರಡು ಪ್ರಶ್ನೆಗಳ ಈ ಅನುಕ್ರಮವೇ ಹಾಡಿನ ಅರ್ಥ. ವೃಂದದ ಪ್ರಶ್ನೆ, ಅದರ ಬೆನ್ನಿಗೆ ಹೆಣ್ಣಿನ ಪ್ರಶ್ನೆ. ಈ ಜೋಡಣೆ ಉಳಿದ ರೂಪದಲ್ಲಿ ಅರ್ಥವೂ ಉಳಿಯುತ್ತದೆ. ವೃಂದದ ಮೊದಲ ಸಾಲನ್ನಷ್ಟೇ ಎತ್ತಿಕೊಂಡು ಮತ್ತೆ ಮತ್ತೆ ತಿರುಗಿಸುವ ಅನಧಿಕೃತ ರೂಪಗಳಲ್ಲಿ ಅದು ಬರೀ ‘ಚರ್ಚಿನ ಸದ್ದು’ ಆಗಿಬಿಡುತ್ತದೆ. ಲ್ಯಾಟಿನ್ ಬಾರದ ಕೇಳುಗರಿಗೆ ಈ ನಷ್ಟ ಗೊತ್ತಾಗುವುದಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಕೂಡಲೇ ಗೊತ್ತಾಗುತ್ತದೆ.

ಪ್ರಶ್ನೆ: ಇದೇ ಹಾಡಿನ ವೇಗದ ಕ್ಲಬ್ ರೀಮಿಕ್ಸ್ ಒಂದನ್ನು ನಾನೇ ಕಂಪ್ಯೂಟರಿನಲ್ಲಿ ಮಾಡಲು ಹೊರಟೆ. 125ರ ಲಯಕ್ಕೆ ಏರಿಸಿದಾಗ ಸನ್ಯಾಸಿಗಳ ದನಿ ಮಕ್ಕಳ ದನಿಯಂತಾಯಿತು. ಸ್ವರ ಬದಲಾಗದಂತೆ ಏರಿಸಿದರೆ ದನಿ ನಡುಗುತ್ತದೆ. ದಾರಿಯೇನು?
— ಡಿ.ಜೆ. ಕೆಲಸ ಕಲಿಯುತ್ತಿರುವ ಯುವಕ, ಬೆಂಗಳೂರು

ಉತ್ತರ: ಧ್ವನಿಯನ್ನು ಟೇಪ್ ವೇಗವಾಗಿ ಓಡಿಸಿದಂತೆ ಏರಿಸಿದರೆ ಲಯ ಮತ್ತು ಸ್ವರ ಎರಡೂ ಒಟ್ಟಿಗೆ ಏರುತ್ತವೆ. 95ರಿಂದ 125ಕ್ಕೆ ಹೋದರೆ ವೇಗ ಶೇಕಡ 31ಕ್ಕಿಂತ ಸ್ವಲ್ಪ ಹೆಚ್ಚಾಗುತ್ತದೆ, ಅಂದರೆ ಸ್ವರ ಐದು ಅರ್ಧಸ್ವರಗಳಿಗೆ ತುಸು ಕಡಿಮೆ ಮೇಲೇರುತ್ತದೆ. ಷಡ್ಜದಲ್ಲಿದ್ದದ್ದು ಹೆಚ್ಚುಕಡಿಮೆ ಶುದ್ಧ ಮಧ್ಯಮಕ್ಕೆ ಹತ್ತಿ ಕೂತಂತೆ. ಸ್ವರವಷ್ಟೇ ಏರುವುದಾಗಿದ್ದರೆ ಸಹಿಸಬಹುದಿತ್ತು. ಗಂಟಲು ಮತ್ತು ಬಾಯಿಯ ಆಕಾರದಿಂದ ಬರುವ ದನಿಯ ಗುಣವೂ ಅದರ ಜೊತೆ ಮೇಲಕ್ಕೆ ಸರಿಯುವುದರಿಂದ ದೊಡ್ಡ ಗಂಡಸಿನ ದೇಹ ಚಿಕ್ಕದಾದಂತೆ ಕೇಳುತ್ತದೆ.

ಸ್ವರ ಬದಲಿಸದೆ ಕಾಲವನ್ನು ಮಾತ್ರ ಕುಗ್ಗಿಸುವ ಸಾಫ್ಟ್‌ವೇರ್ ಧ್ವನಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಕತ್ತರಿಸಿ ಮತ್ತೆ ಹೊಲಿಯುತ್ತದೆ. ಒಂಟಿ ದನಿಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹಲವರು ಸೇರಿ ಹಾಡಿದ್ದು, ಅದರ ಮೇಲೆ ಕಲ್ಲಿನ ಗೋಡೆಗಳಿಂದ ಮರಳಿದ ಗುಂಯ್‌ಗುಡುವಿಕೆ ಸೇರಿದ್ದು ಆದರೆ ಹೊಲಿಗೆ ಕಾಣಿಸಿಕೊಳ್ಳುತ್ತದೆ. ನೀವು ಹೇಳುವ ನಡುಕ ಅದೇ.

ಮೂರನೆಯ ದಾರಿ ನನಗೆ ಸರಿಯಾಗಿ ತೋರುತ್ತದೆ: ಗಾನವನ್ನು ಮುಟ್ಟಬೇಡಿ. ಅದಕ್ಕೆ ಹೇಗಿದ್ದರೂ ತಾಳವಿಲ್ಲವಾದ್ದರಿಂದ 125ರ ಡ್ರಮ್ಸ್ ಕೆಳಗಿದ್ದರೂ ಅದು ತನ್ನ ವೇಗದಲ್ಲಿಯೇ ಸಾಗಬಲ್ಲದು. ಸಾಲು ಶುರುವಾಗುವ ಜಾಗವನ್ನು ಮಾತ್ರ ಹೊಂದಿಸಿ, ಪ್ರತಿ ಸಾಲಿಗೆ ಡ್ರಮ್ಸ್ ಸುತ್ತುಗಳನ್ನು ಹೆಚ್ಚು ಬಿಟ್ಟುಕೊಡಿ. ಸಾಲಿನ ಕೊನೆಯಲ್ಲಿ ಕತ್ತರಿ ಹಾಕುವಾಗ ಗಾಯಕರ ಬಾಯಿ ಮುಚ್ಚಿದ ಜಾಗದಲ್ಲಿ ಹಾಕದೆ, ಗುಂಯ್‌ಗುಡುವಿಕೆ ಪೂರ್ತಿ ಅಡಗಿದ ಮೇಲೆ ಹಾಕಿ. ಹವ್ಯಾಸಿ ರೀಮಿಕ್ಸ್‌ಗಳನ್ನು ವೃತ್ತಿಪರರ ಕೆಲಸದಿಂದ ಪ್ರತ್ಯೇಕಿಸಲು ಇದೊಂದೇ ಗುರುತು ಸಾಕು: ವೃಂದದ ಸಾಲು ಮುಗಿದೊಡನೆ ಚರ್ಚು ಮಾಯವಾಗಿಬಿಟ್ಟರೆ ಕತ್ತರಿ ಅವಸರದಲ್ಲಿ ಬಿದ್ದಿದೆ ಎಂದೇ ಅರ್ಥ. ನಿಮ್ಮ ಪ್ರಯೋಗವನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಪ್ರಕಟಿಸುವ ವಿಚಾರಕ್ಕೆ ಸಂಬಂಧಿಸಿದ ಉತ್ತರ ಮುಂದೆ ಇದೆ.

ಪ್ರಶ್ನೆ: 2016ರಲ್ಲಿ ಬಂದ ‘ಸ್ಯಾಡ್‌ನೆಸ್ - ಭಾಗ 2’ ಕೂಡ ರೀಮಿಕ್ಸೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಲ್ಲ. ‘ದಿ ಫಾಲ್ ಆಫ್ ಎ ರೆಬೆಲ್ ಏಂಜೆಲ್’ ಆಲ್ಬಮ್ಮಿಗಾಗಿ ಇಂಡೊನೇಷ್ಯಾ ಮೂಲದ ಗಾಯಕಿ ಆಂಗುನ್ ಹಾಡಿದ ಹೊಸ ಹಾಡು ಅದು. ಹೆಸರಿನ ನಂಟನ್ನು ನಂಬಿ ಹಳೆಯದರ ಜೊತೆ ಹೋಲಿಸಲು ಕೂತರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಪ್ರಶ್ನೆ: ಮೊಬೈಲಿನಲ್ಲಿ ಕೇಳಿದಾಗ ವಯಲೆಂಟ್ ರೀಮಿಕ್ಸ್ ಎಲ್ಲಕ್ಕಿಂತ ಚೆನ್ನಾಗಿ ಕೇಳುತ್ತದೆ, ಮನೆಯ ಹಳೆಯ ಸ್ಪೀಕರಿನಲ್ಲಿ ಕೇಳಿದರೆ ಸಾಮಾನ್ಯ ರೂಪವೇ ಮೇಲೆನಿಸುತ್ತದೆ. ಕಿವಿಯನ್ನು ನಂಬಬೇಕೋ ಯಂತ್ರವನ್ನೋ?
— ನಿವೃತ್ತ ಉಪನ್ಯಾಸಕರು, ತುಮಕೂರು

ಉತ್ತರ: ಕಿವಿಯನ್ನೇ ನಂಬಿ, ಆದರೆ ಅದಕ್ಕೆ ಸಮಾನ ಅವಕಾಶ ಕೊಟ್ಟ ಮೇಲೆ. ಎರಡು ಧ್ವನಿಮುದ್ರಿಕೆಗಳಲ್ಲಿ ಒಂದು ತುಸು ಜೋರಾಗಿದ್ದರೂ ಸಾಕು, ನಮ್ಮ ಕಿವಿ ಅದನ್ನು ಜೋರು ಎಂದು ಗುರುತಿಸದೆ ‘ಹೆಚ್ಚು ಸ್ಪಷ್ಟ’, ‘ಹೆಚ್ಚು ಜೀವಂತ’ ಎಂದು ಗುರುತಿಸುತ್ತದೆ. ಡ್ರಮ್ಸ್ ಮುಂದೆ ತಂದ ರೀಮಿಕ್ಸ್ ಸಹಜವಾಗಿಯೇ ಜೋರಾಗಿರುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಕೆಳಗಿನ ಬೇಸ್ ಸ್ವರಗಳನ್ನು ನುಡಿಸುವ ಶಕ್ತಿಯಿಲ್ಲ, ಗುಂಯ್‌ಗುಡುವಿಕೆಯ ಕೊನೆಯ ಸಣ್ಣ ಎಳೆಗಳೂ ಅದರಲ್ಲಿ ಮುಳುಗಿಹೋಗುತ್ತವೆ. ಅಂದರೆ ಹಾಡಿನ ತಳವೂ ಹೋಯಿತು, ಆಕಾಶವೂ ಹೋಯಿತು, ನಡುವಿನ ಡ್ರಮ್ಸ್ ಪೆಟ್ಟು ಮಾತ್ರ ಉಳಿಯಿತು. ಯಾವ ರೂಪದಲ್ಲಿ ಆ ಪೆಟ್ಟು ಹೆಚ್ಚೋ ಅದು ಗೆಲ್ಲುತ್ತದೆ.

ಹಳೆಯ ಸ್ಪೀಕರಿನಲ್ಲಿಯೇ ಕೇಳಿ. ಸಾಧ್ಯವಾದರೆ ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಬಳಸಿ. ವಾಲ್ಯೂಮ್ ಹೊಂದಿಸುವಾಗ ಡ್ರಮ್ಸನ್ನು ಗಮನಿಸದೆ ಸಾಂಡ್ರಾಳ ಪಿಸುಮಾತು ಎಲ್ಲ ರೂಪಗಳಲ್ಲಿಯೂ ಒಂದೇ ದೂರದಿಂದ ಕೇಳುವಂತೆ ಮಾಡಿಕೊಳ್ಳಿ. ಆ ಪಿಸುಮಾತಿನ ದೂರವೇ ಈ ಹಾಡಿನಲ್ಲಿ ಅತ್ಯಂತ ಸೂಕ್ಷ್ಮವಾದ ಸಂಗತಿ. ವೃಂದ ಗೋಡೆಗಳಿಂದ ಮರಳಿದ ದನಿಯಲ್ಲಿ ಮುಳುಗಿ ದೂರದಲ್ಲಿ ನಿಂತಿರುತ್ತದೆ; ಆಕೆ ಕಿವಿಯ ಪಕ್ಕದಲ್ಲೇ, ಒಣದನಿಯಲ್ಲಿ ಮಾತನಾಡುತ್ತಾಳೆ. ರೀಮಿಕ್ಸ್ ಮಾಡಿದವರು ಆಕೆಯ ದನಿಗೂ ಧಾರಾಳವಾಗಿ ರಿವರ್ಬ್ (ಯಂತ್ರದಿಂದ ಸೇರಿಸುವ ಗುಂಯ್‌ಗುಡುವಿಕೆ) ಸುರಿದರೆ ದೂರ ಮತ್ತು ಹತ್ತಿರಗಳ ಈ ಭೇದ ಅಳಿಸಿಹೋಗುತ್ತದೆ. ಒಂದು ಕಾಲದಲ್ಲಿ ಇಂಥ ಹಾಡುಗಳ ಉದ್ದನೆಯ ರೂಪಗಳು ಹನ್ನೆರಡು ಇಂಚಿನ ತಟ್ಟೆಗಳಲ್ಲಿ ಬರುತ್ತಿದ್ದವು. ಆ ತಟ್ಟೆಯಲ್ಲಿ ಗೀರುಗಳ ನಡುವೆ ಜಾಗ ಹೆಚ್ಚಿದ್ದುದರಿಂದ ಬೇಸ್ ಧಾರಾಳವಾಗಿ ಕೆತ್ತಬಹುದಿತ್ತು. ನೃತ್ಯದ ರೀಮಿಕ್ಸ್‌ಗಳ ರುಚಿ ಇಂದಿಗೂ ಆ ತಟ್ಟೆಯ ಗುಣವನ್ನೇ ಅನುಸರಿಸಿದೆ. ಮೊಬೈಲಿಗಾಗಿ ಅವು ಹುಟ್ಟಿದವಲ್ಲ.

ಪ್ರಶ್ನೆ: ನಮ್ಮ ಅಜ್ಜಿ ಹಾಡಿದ ಸೋಬಾನೆ ಪದಗಳ ಹಳೆಯ ಕ್ಯಾಸೆಟ್ ಇದೆ. ಎನಿಗ್ಮಾ ರೀತಿಯಲ್ಲಿ ಅದಕ್ಕೆ ಎಲೆಕ್ಟ್ರಾನಿಕ್ ಸಂಗೀತ ಸೇರಿಸಿ ಪ್ರಕಟಿಸುವ ಆಸೆಯಿದೆ. ಜನಪದ ಹಾಡಿಗೆ ಹಕ್ಕುದಾರರಿಲ್ಲವಾದ್ದರಿಂದ ತೊಂದರೆಯಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಅದು ಸರಿಯೇ?
— ಓದುಗರೊಬ್ಬರು, ಹಾಸನ

ಉತ್ತರ: ಸ್ನೇಹಿತರ ಮಾತು ಅರ್ಧ ಸರಿ. ಹಾಡು ಎಲ್ಲರದ್ದಾಗಿರಬಹುದು, ಹಾಡಿದ ದನಿ ಎಲ್ಲರದ್ದಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಪ್ರಕಟಿತ ಧ್ವನಿಮುದ್ರಿಕೆಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷಗಳ ರಕ್ಷಣೆ ಇದೆ, ಗಾಯಕರಿಗೆ ಪ್ರತ್ಯೇಕ ಹಕ್ಕುಗಳಿವೆ. 2012ರ ತಿದ್ದುಪಡಿಯ ನಂತರ, ತನ್ನ ಗಾಯನವನ್ನು ಹೆಸರು ಕೆಡುವಂತೆ ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕೂ ಗಾಯಕರಿಗೆ ಸಿಕ್ಕಿದೆ. ಆದ್ದರಿಂದ ಆ ಕ್ಯಾಸೆಟ್ಟನ್ನು ಯಾರು ಮುದ್ರಿಸಿದರು ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮನೆಯಲ್ಲೇ ಮುದ್ರಿಸಿದ್ದಾದರೆ ಅಜ್ಜಿಯ, ಅವರಿಲ್ಲವಾದರೆ ಮನೆಯವರೆಲ್ಲರ ಒಪ್ಪಿಗೆ ಪಡೆಯಿರಿ.

ಎನಿಗ್ಮಾ ಸ್ವತಃ ಈ ಪಾಠವನ್ನು ಎರಡು ಸಲ ಕಲಿಯಬೇಕಾಯಿತು. ‘ಸ್ಯಾಡ್‌ನೆಸ್’ನ ಲ್ಯಾಟಿನ್ ಗಾನ ಶತಮಾನಗಳಷ್ಟು ಹಳೆಯದಾದರೂ ಮ್ಯೂನಿಕ್ ವೃಂದದ ಧ್ವನಿಮುದ್ರಿಕೆ ಹಳೆಯದಾಗಿರಲಿಲ್ಲ. ಹಾಡು ಇಂಗ್ಲೆಂಡಿನಲ್ಲಿ 1991ರ ಜನವರಿಯಲ್ಲಿ ಮೊದಲ ಸ್ಥಾನಕ್ಕೇರಿ, ಅಮೆರಿಕದ ಪಟ್ಟಿಯಲ್ಲಿ ಐದನೆಯ ಸ್ಥಾನ ಮುಟ್ಟಿದ ಮೇಲೆ ಹಕ್ಕಿನ ತಕರಾರು ಎದ್ದಿತು. ಪರಿಹಾರ ಕೊಟ್ಟು 1994ರಲ್ಲಿ ಅದು ಇತ್ಯರ್ಥವಾಯಿತು. ಅಷ್ಟರೊಳಗೆ ‘ರಿಟರ್ನ್ ಟು ಇನ್ನೊಸೆನ್ಸ್’ ಎಂಬ ಇನ್ನೊಂದು ಹಾಡು ಜಗತ್ತನ್ನು ಸುತ್ತಿತ್ತು. ಅದರಲ್ಲಿ ತೇಲಿಬರುವ ದನಿ ತೈವಾನಿನ ಆಮಿಸ್ ಬುಡಕಟ್ಟಿನ ಹಿರಿಯ ದಂಪತಿ ಡಿಫಾಂಗ್ ಮತ್ತು ಈಗಾಯ್ ಅವರದು. ಅವರು 1988ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಹಾಡಿದ್ದನ್ನು ಅಲ್ಲಿನ ಸಾಂಸ್ಕೃತಿಕ ಸಂಸ್ಥೆ ಧ್ವನಿಮುದ್ರಿಸಿತ್ತು. ಆ ದನಿಯುಳ್ಳ ಹಾಡನ್ನು 1996ರ ಅಟ್ಲಾಂಟಾ ಒಲಿಂಪಿಕ್ಸ್ ಪ್ರಚಾರಕ್ಕೂ ಬಳಸಲಾಯಿತು, ಹಾಡಿದವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ದಂಪತಿ 1998ರಲ್ಲಿ ಮೊಕದ್ದಮೆ ಹೂಡಿದರು. ಮರುವರ್ಷ ರಾಜಿಯಾಗಿ, ಹಣವೂ ಹೆಸರೂ ಸಂದಾಯವಾದವು. ಡಿಫಾಂಗ್ 2002ರಲ್ಲಿ ತೀರಿಕೊಂಡರು.

ಸಂಗೀತದ ದೃಷ್ಟಿಯಿಂದ ನಿಮಗೆ ಉಪಯುಕ್ತವಾದ ಹೋಲಿಕೆ ಅದೇ ಹಾಡಿನ ಎರಡು ರೂಪಗಳಲ್ಲಿದೆ. ಏಳು ನಿಮಿಷದ ‘ಲಾಂಗ್ ಆಂಡ್ ಅಲೈವ್’ ರೂಪವನ್ನೂ ‘380 ಮಿಡ್‌ನೈಟ್ ಮಿಕ್ಸ್’ ಎಂಬುದನ್ನೂ ಪಕ್ಕಪಕ್ಕದಲ್ಲಿ ಕೇಳಿ, ಡಿಫಾಂಗ್ ದನಿಗೆ ಎಲ್ಲಿ ಉಸಿರಾಡಲು ಜಾಗ ಸಿಕ್ಕಿದೆ ಎಂದು ನೋಡಿ. ಅವರ ಹಾಡು ಗ್ರೆಗೋರಿಯನ್ ಗಾನದಂಥದ್ದಲ್ಲ. ಮುಕ್ತಕಂಠದ್ದು, ಬಯಲಿನದು, ಅದಕ್ಕೆ ಕಲ್ಲಿನ ಕಟ್ಟಡದ ಗುಂಯ್‌ಗುಡುವಿಕೆ ಹಚ್ಚಿದರೆ ಸುಳ್ಳೆನಿಸುತ್ತದೆ. ಸೋಬಾನೆಯೂ ಹಾಗೆಯೇ. ಅದು ಮದುವೆಯ ಚಪ್ಪರದ ಕೆಳಗೆ ಹೆಂಗಸರು ಒಬ್ಬರಿಗೊಬ್ಬರು ದನಿಗೂಡಿಸಿ ಹಾಡುವುದು, ಅದಕ್ಕೆ ತನ್ನದೇ ಲಯವಿದೆ. ಇಲ್ಲಿ ತಾಳವನ್ನು ಹೊರಗಿನಿಂದ ಹೊರಿಸುವ ಬದಲು ಅಜ್ಜಿಯ ಲಯವನ್ನು ಅಳೆದು ಡ್ರಮ್ಸನ್ನು ಅದಕ್ಕೆ ಹೊಂದಿಸುವುದು ಸರಿಯಾದ ಕ್ರಮ. ಕ್ರೇಟುವಿನ ದಾರಿ ನಿಮಗೆ ಇಲ್ಲಿ ಒಗ್ಗುವುದಿಲ್ಲ.

ಪ್ರಶ್ನೆ: ಎನಿಗ್ಮಾದ ‘ದಿ ಚೈಲ್ಡ್ ಇನ್ ಅಸ್’ ಹಾಡಿನಲ್ಲಿ ಶ್ರೀಸೂಕ್ತದ ಮಂತ್ರ ಕೇಳಿ ಬೆರಗಾಯಿತು. ಆದರೆ ‘ಸ್ಯಾಡ್‌ನೆಸ್’ನಲ್ಲಿ ಆಗುವ ರೋಮಾಂಚನ ಇಲ್ಲಿ ಆಗುವುದಿಲ್ಲ. ನನ್ನ ಅಮೆರಿಕನ್ ಸಹೋದ್ಯೋಗಿಗೆ ಇದು ಬಹಳ ಹಿಡಿಸಿದೆ. ಏಕೆ ಹೀಗೆ?
— ಕನ್ನಡತಿ, ನ್ಯೂಜೆರ್ಸಿ

ಉತ್ತರ: 1996ರ ಆಲ್ಬಮ್ಮಿನ ಆ ಹಾಡಿನಲ್ಲಿರುವುದು ‘ಕಾಂ ಸೋಸ್ಮಿತಾಂ’ ಎಂದು ಆರಂಭವಾಗುವ ಮಂತ್ರ. ನಿಮಗೆ ಅದು ವರಮಹಾಲಕ್ಷ್ಮಿಯ ಪೂಜೆಯದು, ಕಲಶದ ಮುಂದೆ ಕೂತು ಕೇಳಿದ್ದು. ಪದ ಗೊತ್ತಿದೆ, ಅದು ಯಾವಾಗ ಹೇಳುವಂಥದ್ದು ಎಂಬುದು ಗೊತ್ತಿದೆ, ಎಲ್ಲಿ ಉಸಿರು ತೆಗೆಯಬೇಕೆಂಬುದೂ ಗೊತ್ತಿದೆ. ಆದ್ದರಿಂದ ನಿಮ್ಮ ಕಿವಿ ಅದನ್ನು ವಾತಾವರಣವಾಗಿ ಸ್ವೀಕರಿಸಲು ಒಪ್ಪುವುದಿಲ್ಲ. ಮುಂದಿನ ಪದಕ್ಕೆ ಕಾಯುತ್ತದೆ, ಪದ ಬಾರದೆ ಸಿಂಥಸೈಸರ್ ಬಂದರೆ ಮುನಿಯುತ್ತದೆ. ಸಹೋದ್ಯೋಗಿಗೆ ಅದು ಅರ್ಥದ ಹೊರೆಯಿಲ್ಲದ ದನಿ. ‘ಸ್ಯಾಡ್‌ನೆಸ್’ ವಿಷಯದಲ್ಲಿ ನೀವು ಆ ಸಹೋದ್ಯೋಗಿಯ ಜಾಗದಲ್ಲಿದ್ದೀರಿ, ಮೇಲೆ ಪತ್ರ ಬರೆದ ಮಂಗಳೂರಿನವರ ಮನೆಯ ಹಿರಿಯರು ನಿಮ್ಮ ಜಾಗದಲ್ಲಿದ್ದಾರೆ. ಈ ಬಗೆಯ ಸಂಗೀತ ದೂರದ ಕೇಳುಗನನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು ಎಂಬ ಟೀಕೆ ಬಹಳ ಕಾಲದಿಂದ ಇದೆ, ಅದರಲ್ಲಿ ಹುರುಳೂ ಇದೆ.

ಪ್ರಶ್ನೆ: ‘ಸ್ಯಾಡ್‌ನೆಸ್’ ಮುಗಿಸಿದ ಮೇಲೆ ಹೋಲಿಕೆಗೆ ಇನ್ನಾವುದನ್ನು ಕೇಳಬಹುದು?
— ಓದುಗರಿಬ್ಬರು, ಹುಬ್ಬಳ್ಳಿ ಮತ್ತು ಕಾರ್ಕಳ

ಉತ್ತರ: ‘ಸ್ಯಾಡ್‌ನೆಸ್’ ಇರುವ ಆಲ್ಬಮ್ಮಿನದೇ ‘ಮೇಯಾ ಕುಲ್ಪಾ’ ಕೇಳಿ. ಅಲ್ಲಿಯೂ ಸಾಂಡ್ರಾಳ ಫ್ರೆಂಚ್ ಪಿಸುಮಾತಿದೆ. ಅದರ ಜೊತೆ ‘ಕೀರಿಯೆ ಎಲೆಯ್ಸೊನ್’ ಎಂಬ, ಕರ್ತನೇ ಕರುಣಿಸು ಎನ್ನುವ ಗ್ರೀಕ್ ಪ್ರಾರ್ಥನೆಯ ಗಾನವಿದೆ. ಇದು ‘ಆರ್ಥೊಡಾಕ್ಸ್’, ‘ಕ್ಯಾಥೊಲಿಕ್’ ಮತ್ತು ‘ಫೇಡಿಂಗ್ ಷೇಡ್ಸ್’ ಎಂಬ ಹೆಸರುಗಳ ರೂಪಗಳಲ್ಲಿ ಹೊರಬಂದಿದೆ. ಹೆಸರು ಕೇಳಿ ಚರ್ಚಿನ ಪಂಗಡಗಳ ಸಂಗೀತಭೇದವನ್ನು ಅಲ್ಲಿ ಹುಡುಕಬೇಡಿ. ಅವು ಮಾರಾಟದ ಚಮತ್ಕಾರ. ಅಂಗಡಿಯಲ್ಲಿ ಹಳೆಯ ಸಿ.ಡಿ. ಹುಡುಕುವವರು 1991ರಲ್ಲಿ ಬಂದ ‘ಲಿಮಿಟೆಡ್ ಎಡಿಷನ್’ ಸಿಗುತ್ತದೆಯೇ ನೋಡಿ. ಮೂಲ ಆಲ್ಬಮ್ಮಿನ ಜೊತೆ ಅದರಲ್ಲಿ ನಾಲ್ಕು ರೀಮಿಕ್ಸ್‌ಗಳಿವೆ: ‘ಸ್ಯಾಡ್‌ನೆಸ್’ನ ಮೆಡಿಟೇಷನ್ ರೂಪ, ‘ಮೇಯಾ ಕುಲ್ಪಾ’ದ ಫೇಡಿಂಗ್ ಷೇಡ್ಸ್ ರೂಪ, ‘ಪ್ರಿನ್ಸಿಪಲ್ಸ್ ಆಫ್ ಲಸ್ಟ್’ ಮತ್ತು ‘ರಿವರ್ಸ್ ಆಫ್ ಬಿಲೀಫ್’ಗಳ ಒಂದೊಂದು ರೂಪ. ವಯಲೆಂಟ್ ಯು.ಎಸ್. ರೀಮಿಕ್ಸ್ ಬೇಕೆಂದರೆ ಮಾತ್ರ ಸಿಂಗಲ್ ತಟ್ಟೆಯನ್ನೇ ಪ್ರತ್ಯೇಕವಾಗಿ ಹುಡುಕಬೇಕಾಗುತ್ತದೆ.